ಎರೆ ನೆಲದ ಮೇಲೊಂದು ಸೂರು

ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಹೊರಟ ಬಸ್ಸು ನವಲಗುಂದ ದಾಟಿತೆಂದರೆ ಕಿಟಕಿಯ ಎರಡೂ ಬದಿಗೆ ಕಣ್ಣು ಹಾಯುವವರೆಗೆ ಕಪ್ಪು ನೆಲ. ಮರಗಳು ಅಪರೂಪ. ಅಲ್ಲೊಂದು ಬನ್ನಿ, ಇಲ್ಲೊಂದು ಜಾಲಿ. ದೂರದಲ್ಲಿ ನರಗುಂದದ ಗುಡ್ಡ ತಲೆಯೆತ್ತುತ್ತದೆ. ಅಲ್ಲಿಂದ ಪೂರ್ವಕ್ಕೆ ಸರಿದರೆ ರೋಣ, ಇನ್ನೂ ಮುಂದೆ ಗಜೇಂದ್ರಗಡದ ಬೆಟ್ಟಸಾಲು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹುಟ್ಟಿದ ಗದಗ ಜಿಲ್ಲೆಯ ಉತ್ತರ ಭಾಗ ಇದು.

ಜೋಳ, ಕಡಲೆ, ಹತ್ತಿಗೆ ಈ ಎರೆ ಭೂಮಿ ಹೆತ್ತ ತಾಯಿಯಿದ್ದಂತೆ. ಆದರೆ ಮನೆಗೆ? ಮೇ ತಿಂಗಳಿನಲ್ಲಿ ಈ ನೆಲ ಬಾಯಿ ಬಿಡುತ್ತದೆ. ಹುಡುಗರು ಬಿರುಕಿನಲ್ಲಿ ಕೈ ಇಳಿಸಿ ಆಳ ನೋಡುವಷ್ಟು ಅಗಲದ ಬಾಯಿ. ಮಳೆ ಬಿದ್ದಿತೋ, ಅದೇ ನೆಲ ನೀರು ಕುಡಿದು ಊದಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಕುಗ್ಗಿ, ವರ್ಷಕ್ಕೊಮ್ಮೆ ಹಿಗ್ಗುವ ಈ ನೆಲದ ಮೇಲೆ ನಿಂತ ಗೋಡೆ ತಾನೂ ಸ್ವಲ್ಪ ಏಳುತ್ತದೆ, ಸ್ವಲ್ಪ ಇಳಿಯುತ್ತದೆ. ಎಲ್ಲ ಕಡೆ ಒಂದೇ ಸಮನಾಗಿ ಎದ್ದಿಳಿದರೆ ಚಿಂತೆಯಿಲ್ಲ. ಒಂದು ಮೂಲೆ ಎದ್ದು ಇನ್ನೊಂದು ಮೂಲೆ ಕೂತರೆ ಬಾಗಿಲು ಮುಚ್ಚುವುದಿಲ್ಲ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ.

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ಎಲ್ಲ ಊರಿಗೂ ಸಲ್ಲುವುದೇ. ಆದರೆ ಈ ಮೂರು ಊರುಗಳ ಸುತ್ತ ಅದಕ್ಕೆ ಇನ್ನೊಂದು ಅರ್ಥವಿದೆ. ಇಲ್ಲಿ ಮನೆಯ ಖರ್ಚು ಗೋಡೆ ಏಳುವ ಮೊದಲೇ ಶುರುವಾಗುತ್ತದೆ, ಅರ್ಧ ನೆಲದೊಳಗೆ, ಅರ್ಧ ಕಾಗದದಲ್ಲಿ. ಈ ಎರಡರಲ್ಲಿ ಉಳಿಸಲು ಹೋದವರು ಮೇಲೆ ಕಳೆದುಕೊಳ್ಳುತ್ತಾರೆ.

ಮಾಳಿಗೆಯ ಜಾಣತನ

ಹಿರಿಯರು ಈ ನೆಲವನ್ನು ಬಲ್ಲವರಾಗಿದ್ದರು. ಹಳೆಯ ಓಣಿಗಳಲ್ಲಿ ಇಂದಿಗೂ ಉಳಿದಿರುವ ಮಾಳಿಗೆ ಮನೆಗಳನ್ನು ನೋಡಬೇಕು. ದಪ್ಪ ಮಣ್ಣಿನ ಅಥವಾ ಕಲ್ಲುಮಣ್ಣಿನ ಗೋಡೆ, ಒಳಗೆ ಕಟ್ಟಿಗೆಯ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಚಕ್ಕೆ-ಸೊಪ್ಪು, ಅದರ ಮೇಲೆ ಮಣ್ಣು. ನಡುವೆ ಬೆಳಕಿಂಡಿ. ಮನೆಯನ್ನು ಚದರ ಅಡಿಯಲ್ಲಿ ಅಳೆಯುತ್ತಿರಲಿಲ್ಲ. ಕಂಬದಿಂದ ಕಂಬಕ್ಕೆ ಎಣಿಸಿ 'ಇಷ್ಟು ಅಂಕಣದ ಮನೆ' ಎನ್ನುತ್ತಿದ್ದರು.

ಇದರಲ್ಲಿ ಒಂದು ಗುಟ್ಟಿದೆ. ಮೇಲಿನ ಭಾರದ ಬಹುಪಾಲನ್ನು ಹೊರುವುದು ಕಂಬ-ತೊಲೆಗಳು. ನೆಲ ತುಸು ಅಲುಗಿದರೆ ಕಟ್ಟಿಗೆಯ ಜೋಡಣೆ ತುಸು ಓಲಾಡಿ ಮತ್ತೆ ನಿಲ್ಲುತ್ತದೆ. ಗೋಡೆ ಬಿರಿದರೆ ಮಣ್ಣು ಮೆತ್ತಿದರಾಯಿತು. ಪ್ರತಿ ಬೇಸಿಗೆಯಲ್ಲಿ ಮಾಳಿಗೆಗೆ ಹೊಸ ಮಣ್ಣು, ಗೋಡೆಗೆ ಸಾರಣೆ. ಮನೆ ಎಂಬುದು ಒಮ್ಮೆ ಕಟ್ಟಿ ಮುಗಿಸುವ ವಸ್ತುವಾಗಿರಲಿಲ್ಲ. ಅದು ವರ್ಷ ವರ್ಷವೂ ಮಾಡುವ ಬೇಸಾಯದಂತೆಯೇ ಇತ್ತು.

ಆದರೆ ಈ ಮನೆಗೂ ಒಂದು ಮಿತಿಯಿದೆ. ಶಾಲೆಯ ಮಕ್ಕಳೂ ಮಾಡಬಹುದಾದ ಲೆಕ್ಕ ಇದು. 10 ಅಡಿ ಉದ್ದ, 10 ಅಡಿ ಅಗಲದ ಜಾಗದ ಮೇಲೆ 1 ಅಡಿ ದಪ್ಪ ಮಣ್ಣು ಹರಡಿದರೆ 100 ಘನ ಅಡಿ. ಗೌಂಡಿಗಳ ಮಾತಿನಲ್ಲಿ ಒಂದು ಬ್ರಾಸ್. ಒಣಗಿದ್ದಾಗಲೇ ಅದರ ತೂಕ ಸುಮಾರು ನಾಲ್ಕೂವರೆ ಟನ್. ಪ್ರತಿ ವರ್ಷ ಮಣ್ಣು ಏರಿಸುತ್ತ ಹೋದರೆ ದಪ್ಪ ಒಂದೂವರೆ ಅಡಿಯಾಗುತ್ತದೆ. ನಾಲ್ಕು ದಿನ ಬಿಡದೆ ಮಳೆ ಹಿಡಿದರೆ ಅದಕ್ಕೆ ನೀರಿನ ಭಾರವೂ ಸೇರುತ್ತದೆ. ಅದೇ ಹೊತ್ತಿಗೆ ಕೆಳಗೆ ಗೋಡೆ ನೆನೆದು ಮೆತ್ತಗಾಗಿರುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ಹೊಳೆಯಿಂದ ದೂರವಿದ್ದ ಊರುಗಳಲ್ಲೂ ಮಣ್ಣಿನ ಮನೆಗಳು ಕುಸಿದದ್ದು ಹೀಗೆಯೇ.

ಅಂದಿನಿಂದ ಎಲ್ಲರ ಮನಸ್ಸು ಸ್ಲ್ಯಾಬಿನ ಕಡೆ. 5 ಅಂಗುಲದ ಕಾಂಕ್ರೀಟ್ ಸ್ಲ್ಯಾಬ್ ಅದೇ 100 ಚದರ ಅಡಿಗೆ ಸುಮಾರು 3 ಟನ್ ಮಾತ್ರ ತೂಗುತ್ತದೆ. ಮಣ್ಣಿಗಿಂತ ಹಗುರ! ಹಾಗಿದ್ದರೆ ಹಳೆಯ ಗೋಡೆಯ ಮೇಲೆಯೇ ಸ್ಲ್ಯಾಬ್ ಹಾಕಿದರಾಯಿತಲ್ಲ ಎಂಬ ಆಸೆ ಹುಟ್ಟುವುದು ಸಹಜ. ಎಡವುವುದು ಅಲ್ಲಿಯೇ. ಕಂಬ ತೆಗೆದರೆ ಭಾರವೆಲ್ಲ ಗೋಡೆಗೆ ಬರುತ್ತದೆ. ಮಣ್ಣಿನ ಗೋಡೆ ಅದಕ್ಕೆ ಕಟ್ಟಿದ್ದಲ್ಲ. ಕಟ್ಟಿಗೆಯಂತೆ ಓಲಾಡುವ ಗುಣ ಕಾಂಕ್ರೀಟಿಗೆ ಇಲ್ಲ. ಅದು ತಡೆಯುವವರೆಗೆ ತಡೆದು ಆಮೇಲೆ ಬಿರಿಯುತ್ತದೆ.

ನರಗುಂದ: ಮನೆಯ ಕೆಳಗಿನ ಹಗೇವು

ನರಗುಂದ ಎಂದೊಡನೆ 1858ರಲ್ಲಿ ಬ್ರಿಟಿಷರ ವಿರುದ್ಧ ಸಿಡಿದೆದ್ದ ಬಾಬಾಸಾಹೇಬ ನೆನಪಾಗುತ್ತಾನೆ. 1980ರ ಜುಲೈ 21ರ ರೈತ ಬಂಡಾಯ ನೆನಪಾಗುತ್ತದೆ. ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಎದ್ದ ಆ ಕೂಗು ಇಡೀ ರಾಜ್ಯದ ರಾಜಕೀಯವನ್ನೇ ಅಲುಗಿಸಿತು. ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟಿನಿಂದ ಕಾಲುವೆಯಲ್ಲಿ ಹರಿದು ಬಂದ ಆ ನೀರು ಹೊಲದ ಲೆಕ್ಕವನ್ನಷ್ಟೇ ಅಲ್ಲ, ಮನೆಯ ಲೆಕ್ಕವನ್ನೂ ಬದಲಿಸಿತು.

ಹಿಂದೆ ಇಲ್ಲಿನ ಮನೆಗಳಲ್ಲಿ ಜೋಳ ತುಂಬಿಡಲು ಹಗೇವು ತೋಡುತ್ತಿದ್ದರು. ಕಿರಿದಾದ ಬಾಯಿ, ಒಳಗೆ ಕೊಡದಂತೆ ಅಗಲವಾದ ಹೊಟ್ಟೆ. ಮನೆಯೊಳಗೆ, ಅಂಗಳದಲ್ಲಿ, ಓಣಿಯ ನಡುವೆಯೂ ಹಗೇವುಗಳಿದ್ದವು. ನೆಲ ಒಣಗಿದ್ದ ಕಾಲದಲ್ಲಿ ಅದಕ್ಕಿಂತ ಒಳ್ಳೆಯ ಉಗ್ರಾಣ ಮತ್ತೊಂದಿರಲಿಲ್ಲ. ಮುಂದೆ ಕಾಲ ಬದಲಾಯಿತು. ಚೀಲ, ಗೋದಾಮುಗಳು ಬಂದವು. ಹಗೇವಿನ ಬಾಯಿಗೆ ಕಲ್ಲು ಬಿತ್ತು, ಅದರ ಮೇಲೆ ಫರ್ಸಿ ಹಾಸಿತು, ಕೆಲವೆಡೆ ಅದರ ಮೇಲೆಯೇ ಹೊಸ ಗೋಡೆ ಎದ್ದಿತು. ಎಲ್ಲಿ ಹಗೇವಿತ್ತು ಎಂಬುದನ್ನು ಬಲ್ಲ ಅಜ್ಜ-ಅಜ್ಜಿಯರು ತೀರಿಕೊಂಡರು. ಒಳಗಿನ ಪೊಳ್ಳು ಮಾತ್ರ ಹಾಗೆಯೇ ಉಳಿಯಿತು.

2019 ಮತ್ತು ಅದರ ನಂತರದ ವರ್ಷಗಳಲ್ಲಿ ನರಗುಂದ ಪಟ್ಟಣದ ಹಳೆಯ ಓಣಿಗಳಲ್ಲಿ ಇದ್ದಕ್ಕಿದ್ದಂತೆ ನೆಲ ಕುಸಿಯತೊಡಗಿದಾಗ ಇಡೀ ಊರು ನಿದ್ದೆಗೆಟ್ಟಿತು. ಮನೆಯೊಳಗೇ ಗುಂಡಿ, ರಸ್ತೆಯಲ್ಲೂ ಗುಂಡಿ. ಹಳೆಯ ಹಗೇವುಗಳು ಮತ್ತು ಮೇಲಕ್ಕೇರಿದ ಅಂತರ್ಜಲದ ಮಾತು ಆಗ ಎಲ್ಲರ ಬಾಯಲ್ಲೂ ಬಂತು. ನೀರು ಏರಿದಾಗ ಪೊಳ್ಳಿನ ಗೋಡೆ ನೆನೆದು ಕಳಚುತ್ತದೆ, ಮೇಲಿನ ನೆಲ ಆಧಾರವಿಲ್ಲದೆ ಒಳಕ್ಕೆ ಬೀಳುತ್ತದೆ.

ಇದರಿಂದ ಮನೆ ಕಟ್ಟುವವರಿಗೆ ಸಿಗುವ ಪಾಠ ಸರಳ. ಹಳೆಯ ಊರೊಳಗೆ ಮನೆ ಕೆಡವಿ ಕಟ್ಟುವುದಾದರೆ ಮೊದಲು ಓಣಿಯ ಹಿರಿಯರನ್ನು ಕೇಳಬೇಕು. ಪಾಯ ತೋಡುವ ಮುನ್ನ ಕಬ್ಬಿಣದ ಸಲಾಕೆ ಇಳಿಸಿ ನೆಲವನ್ನು ಅಲ್ಲಲ್ಲಿ ಪರೀಕ್ಷಿಸಬೇಕು. ಹಗೇವು ಸಿಕ್ಕರೆ ಬಾಯಿ ಮುಚ್ಚಿ ಸುಮ್ಮನಾಗಬಾರದು. ಒಳಗಿನ ಕೆಸರು ತೆಗೆದು ಗರಸು ತುಂಬಿ, ಪದರ ಪದರವಾಗಿ ಧಮ್ಮಸ್ಸು ಮಾಡಬೇಕು. ಅದಕ್ಕೆ ತಗಲುವ ಖರ್ಚು ಯಾವ ನಕಾಶೆಯಲ್ಲೂ ಕಾಣುವುದಿಲ್ಲ. ಆದರೆ ಮನೆ ನಿಲ್ಲುವುದು ಅದರ ಮೇಲೆ.

ಪಾಯದ ಗಣಿತ

ಎರೆ ಮಣ್ಣು ಎಲ್ಲ ಕಡೆ ಒಂದೇ ಆಳವಿಲ್ಲ. ಕೆಲವೆಡೆ ಮೂರಡಿಗೆ ಗರಸು ಸಿಗುತ್ತದೆ, ಕೆಲವೆಡೆ ಹತ್ತಡಿ ತೋಡಿದರೂ ಕಪ್ಪು ಮಣ್ಣೇ. ಹೀಗಾಗಿ ಪಕ್ಕದ ಊರಿನ ಖರ್ಚು ಕೇಳಿ ತಮ್ಮ ಮನೆಯ ಲೆಕ್ಕ ಹಾಕುವುದು ದಾರಿ ತಪ್ಪಿಸುತ್ತದೆ. 20 ಅಡಿ ಅಗಲ, 30 ಅಡಿ ಉದ್ದದ ಮನೆಯನ್ನೇ ತೆಗೆದುಕೊಳ್ಳೋಣ. ಸುತ್ತಲಿನ ಗೋಡೆ 100 ಅಡಿ, ನಡುವಿನ ಒಂದು ಗೋಡೆ 20 ಅಡಿ, ಒಟ್ಟು 120 ಅಡಿ. ಪಾಯದ ಅಗಲ 3 ಅಡಿ. ಆಳ 1 ಅಡಿ ಹೆಚ್ಚಿದರೆ 360 ಘನ ಅಡಿ, ಅಂದರೆ 3.6 ಬ್ರಾಸ್ ಮಣ್ಣು ತೆಗೆಯಬೇಕು, ಅಷ್ಟೇ ಕಲ್ಲು-ಗರಸು ತುಂಬಬೇಕು. ನಾಲ್ಕು ಅಡಿ ಹೆಚ್ಚಾದರೆ 14.4 ಬ್ರಾಸ್. ಊರಿನಲ್ಲಿ ಒಂದು ಬ್ರಾಸ್ ಕಲ್ಲಿನ ಧಾರಣೆ ಎಷ್ಟೆಂದು ವಿಚಾರಿಸಿ ಗುಣಿಸಿದರೆ ಆ ಮನೆಯ ನಿಜವಾದ ಕಥೆ ಹೊರಬೀಳುತ್ತದೆ.

ಈ ಮಣ್ಣಿನೊಂದಿಗೆ ಹೋರಾಡಿದವರು ಮನೆಯವರಷ್ಟೇ ಅಲ್ಲ. ಮಲಪ್ರಭಾ ಯೋಜನೆಯ ಕಾಲುವೆಗಳಿಗೂ ಇದರ ಕಾಟ ತಪ್ಪಲಿಲ್ಲ. ಮುಂಬಯಿ ಐಐಟಿಯ ಪ್ರೊ. ಆರ್.ಕೆ. ಕಟ್ಟಿಯವರು ಊದುವ ಮಣ್ಣಿನ ಮೇಲೆ ಊದದ, ಆದರೆ ಅಂಟುಗುಣವುಳ್ಳ ಮಣ್ಣಿನ ಪದರವನ್ನು ಹಾಸಿ ಅದುಮುವ ವಿಧಾನವನ್ನು ಬೆಳೆಸಿದರು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇನ್ನೊಂದು ದಾರಿ ತೋರಿಸಿತು: ಊದು-ಕುಗ್ಗುಗಳು ತಲುಪದ ಆಳಕ್ಕೆ ಕೊರೆದು, ತಳದಲ್ಲಿ ಬುಗುರಿಯಂತೆ ಅಗಲಿಸಿ ಕಾಂಕ್ರೀಟ್ ತುಂಬುವ ಕಂಬಪಾಯ. ಸಣ್ಣ ಮನೆಗೂ ಇವೆರಡರ ತತ್ವ ಅನ್ವಯಿಸುತ್ತದೆ. ಒಂದೋ ಎರೆಯನ್ನು ದಾಟಿ ಕೆಳಗೆ ಹೋಗಬೇಕು, ಇಲ್ಲವೇ ಎರೆಗೂ ಮನೆಗೂ ನಡುವೆ ಗಟ್ಟಿ ಹಾಸು ಇಡಬೇಕು. ಜೊತೆಗೆ ಪಾಯದ ಮೇಲೆ ಸುತ್ತಲೂ ಒಂದೇ ಪಟ್ಟಿಯಂತೆ ಕಾಂಕ್ರೀಟ್ ತೊಲೆ ಹಾಕಬೇಕು. ಮನೆಯ ಸುತ್ತ ಫರ್ಸಿ ಕಟ್ಟೆ ಬೇಕು. ಬಚ್ಚಲ ನೀರು ಗೋಡೆಯ ಬುಡಕ್ಕೆ ಇಂಗಬಾರದು, ದೊಡ್ಡ ಗಿಡ ಗೋಡೆಗೆ ಒತ್ತಿಕೊಂಡು ಬೆಳೆಯಬಾರದು. ಇವುಗಳಲ್ಲಿ ಕೊನೆಯ ಎರಡಕ್ಕೆ ಹೆಚ್ಚು ರೊಕ್ಕ ಬೇಕಿಲ್ಲ, ಎಚ್ಚರ ಬೇಕು.

ಇದ್ದ ಮನೆಗೆ ಒಂದು ಕೋಣೆ ಜೋಡಿಸುವವರಿಗೆ ಇನ್ನೊಂದು ಮಾತು. ಹಳೆಯ ಭಾಗ ಕೂರುವಷ್ಟು ಕೂತಾಗಿದೆ, ಹೊಸ ಭಾಗ ಇನ್ನು ಕೂರಬೇಕು. ಎರಡನ್ನೂ ಬಿಗಿಯಾಗಿ ಬೆಸೆದರೆ ಸಂಧಿಯಲ್ಲಿ ಬಿರುಕು ಖಚಿತ. ನಡುವೆ ಸಣ್ಣ ಸಂದು ಬಿಟ್ಟು ಬೇರೆ ಬೇರೆಯಾಗಿ ನಿಲ್ಲಿಸುವುದು ಜಾಣತನ.

ರೋಣ: ಹೊಳೆ ಬಂದಾಗ

ರೋಣದ ಉತ್ತರಕ್ಕೆ ಹೋದರೆ ಮಲಪ್ರಭೆಯ ದಂಡೆ. ಹೊಳೆಆಲೂರು, ಮೆಣಸಗಿ, ಆಚೆ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ. ಬೆಣ್ಣಿಹಳ್ಳ ಬಂದು ಮಲಪ್ರಭೆಯನ್ನು ಸೇರುವುದೂ ಈ ಭಾಗದಲ್ಲೇ. ಬೇಸಿಗೆಯಲ್ಲಿ ಸೊರಗಿ ಮಲಗಿರುವ ಈ ಹೊಳೆ 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಊರೊಳಗೆ ನುಗ್ಗಿತು.

2009ರ ನಂತರ 'ಆಸರೆ' ಯೋಜನೆಯಲ್ಲಿ ದಾನಿಗಳ ನೆರವಿನಿಂದ ಎತ್ತರದ ಜಾಗಗಳಲ್ಲಿ ಹೊಸ ಮನೆಗಳು ಎದ್ದವು, ನವಗ್ರಾಮಗಳಾದವು. ಆದರೆ ಹಲವೆಡೆ ಜನ ಅಲ್ಲಿಗೆ ಹೋಗಲು ಹಿಂದೇಟು ಹಾಕಿದರು. ದನ ಕಟ್ಟಲು ಜಾಗವೆಲ್ಲಿ? ಮೇವಿನ ಬಣವೆ ಎಲ್ಲಿ? ಹೊಲ ಎಷ್ಟು ದೂರ? ನಾಲ್ಕು ಗೋಡೆ, ಒಂದು ಸ್ಲ್ಯಾಬ್ ಇದ್ದರೆ ಒಕ್ಕಲಿಗನಿಗೆ ಅದು ಮನೆಯಾಗುವುದಿಲ್ಲ ಎಂಬುದು ಆಗ ಎಲ್ಲರಿಗೂ ತಿಳಿಯಿತು. 2019ರ ನೆರೆಯ ನಂತರ ಸರ್ಕಾರ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂ. ನೆರವು ಪ್ರಕಟಿಸಿತು. ಅಲ್ಪ ಹಾನಿಗೆ 50 ಸಾವಿರ. ದೊಡ್ಡ ಮೊತ್ತ ಒಮ್ಮೆಗೇ ಕೈಗೆ ಬರುವುದಿಲ್ಲ, ಕೆಲಸ ಏರಿದಂತೆ ಕಂತು ಕಂತಾಗಿ ಬರುತ್ತದೆ. ಪಾಯ ಹಾಕಲು ಮೊದಲು ಕೈಯಿಂದ ರೊಕ್ಕ ಹೊಂದಿಸಲಾಗದವರ ಮನೆ ಪಾಯದಲ್ಲೇ ನಿಲ್ಲುವ ಭಯ ಇದ್ದೇ ಇರುತ್ತದೆ. ಹೊಳೆದಂಡೆಯ ಊರಿನಲ್ಲಿ ಜಾಗ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ, '2009ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು?' ಎಂಬುದು.

ಗಜೇಂದ್ರಗಡ: ಗುಡ್ಡದ ಮಗ್ಗುಲಲ್ಲಿ

ರೋಣದಿಂದ ಸೂಡಿಯ ಚಾಲುಕ್ಯರ ಕಾಲದ ಗುಡಿ, ನಾಗಕುಂಡಗಳನ್ನು ನೋಡುತ್ತ ಗಜೇಂದ್ರಗಡಕ್ಕೆ ಬಂದರೆ ನೋಟವೇ ಬೇರೆ. ಎದುರಿಗೆ ಬಂಡೆಗಲ್ಲಿನ ಗುಡ್ಡ, ಮೇಲೆ ಕೋಟೆ, ಗುಡ್ಡಸಾಲಿನಲ್ಲಿ ತಿರುಗುವ ಗಾಳಿಗಿರಣಿಗಳು, ಊರ ಸಮೀಪ ಕಾಲಕಾಲೇಶ್ವರ. ಗುಡ್ಡದ ಬುಡದಲ್ಲಿ ಗಟ್ಟಿ ನೆಲ ಮೇಲೆಯೇ ಸಿಗುತ್ತದೆ, ಪಾಯದ ಖರ್ಚು ಇಳಿಯುತ್ತದೆ. ಆದರೆ ಮಳೆನೀರು ಇಳಿಜಾರಿನಲ್ಲಿ ಹರಿದು ಬರುವ ಹಾದಿಗೆ ಅಡ್ಡವಾಗಿ ಮನೆ ಕಟ್ಟಿದರೆ ಆ ಲಾಭ ಒಂದೇ ಮಳೆಗೆ ಕರಗುತ್ತದೆ. ಗುಡ್ಡದಿಂದ ದೂರ ಸರಿದಂತೆ ಮತ್ತೆ ಅದೇ ಎರೆ ಹೊಲ.

ಗಜೇಂದ್ರಗಡ ನೇಕಾರರ ಊರು. ಪಟ್ಟೇದಂಚು ಸೀರೆಯ ಹೆಸರು ಕೇಳದವರು ಕಡಿಮೆ. ಕುಣಿ ಮಗ್ಗವಿರುವ ಮನೆಯಲ್ಲಿ ನೆಲವನ್ನೇ ತೋಡಿ ನೇಕಾರ ಕಾಲಿಳಿಸಿ ಕೂರುತ್ತಾನೆ. ಅಲ್ಲಿ ಮನೆಯೂ ಕಾರ್ಖಾನೆಯೂ ಒಂದೇ. ಹೊಸದಾಗಿ ಕಟ್ಟುವಾಗ ಮಗ್ಗಕ್ಕೆ ಬೆಳಕು ಯಾವ ಕಡೆಯಿಂದ ಬರಬೇಕು, ಕುಣಿಗೆ ತೇವ ಬರದಂತೆ ಏನು ಮಾಡಬೇಕು ಎಂಬುದನ್ನು ನಕಾಶೆ ಬರೆಯುವವರಿಗೆ ಮನೆಯವರೇ ಹೇಳಬೇಕು.

ಹಳೆಯ ಗುಡಿಗಳಿರುವ ಊರಿನವರು ತಿಳಿಯಬೇಕಾದ ನಿಯಮವೊಂದಿದೆ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಿದ್ದರೆ ಅದರ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಅಲ್ಲಿಂದಾಚೆ ಇನ್ನೂ 200 ಮೀಟರ್‌ವರೆಗೆ ಮೊದಲೇ ಅನುಮತಿ ಬೇಕು. ಇದು 2010ರ ತಿದ್ದುಪಡಿಯಿಂದ ಬಂದದ್ದು. ತಮ್ಮ ಓಣಿಯ ಗುಡಿ ಆ ಪಟ್ಟಿಯಲ್ಲಿದೆಯೇ ಎಂದು ಕಲ್ಲು ತರಿಸುವ ಮುನ್ನವೇ ವಿಚಾರಿಸುವುದು ಲೇಸು.

ಕಾಗದದ ಬುನಾದಿ

ನೆಲದ ಪಾಯ ಮುಗಿಯಿತು. ಇನ್ನು ಕಾಗದದ ಪಾಯ. ನರಗುಂದ, ರೋಣ, ಗಜೇಂದ್ರಗಡ ಮೂರೂ ಪುರಸಭೆಗಳು. ಇಲ್ಲಿ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಂತೆ ಕಟ್ಟುವ ಮೊದಲು ಪರವಾನಗಿ ಪಡೆಯಬೇಕು. ಹಳ್ಳಿಗಳಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿಯ ಲಿಖಿತ ಒಪ್ಪಿಗೆ ಬೇಕು. ಹೊಸ ಮನೆಗಷ್ಟೇ ಅಲ್ಲ, ಇದ್ದ ಮನೆಗೆ ಕೋಣೆ ಸೇರಿಸುವುದಕ್ಕೂ ಈ ಒಪ್ಪಿಗೆ ಬೇಕೆಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಹೊಲದಲ್ಲಿ ಮನೆ ಕಟ್ಟುವುದಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಪ್ರಕರಣದಂತೆ ಭೂಪರಿವರ್ತನೆ ಆಗಿರಬೇಕು. ಜನರ ಬಾಯಲ್ಲಿ ಇದೇ 'ಎನ್.ಎ.' ಆಗಿದೆ. ಎನ್.ಎ. ಆಗದ ಹೊಲವನ್ನು ಗುಂಟೆ ಲೆಕ್ಕದಲ್ಲಿ ಹಂಚಿ ಪ್ಲಾಟೆಂದು ಮಾರುವವರ ಅಗ್ಗದ ಬೆಲೆಗೆ ಮರುಳಾದರೆ ಮುಂದೆ ಉತಾರವೂ ಇಲ್ಲ, ಬ್ಯಾಂಕಿನ ಸಾಲವೂ ಇಲ್ಲ. ಹಳ್ಳಿಯ ಮನೆಗೆ 2013ರಿಂದ ಇ-ಸ್ವತ್ತು ತಂತ್ರಾಂಶದಲ್ಲಿ ಪಂಚಾಯಿತಿಯ ನಮೂನೆಗಳು ಸಿಗುತ್ತವೆ. ಪಟ್ಟಣದಲ್ಲಿ ಸಿಟಿ ಸರ್ವೆ ಉತಾರ ಹಾಗೂ ಪುರಸಭೆಯ ಖಾತೆ ನೋಡಬೇಕು. ಎರಡರಲ್ಲೂ ಹೆಸರು, ಅಳತೆ, ನಾಲ್ಕೂ ದಿಕ್ಕಿನ ಚಕಬಂದಿ ಒಂದೇ ಇರಬೇಕು. ಉತಾರದಲ್ಲಿ ತೀರಿಹೋದ ಅಜ್ಜನ ಹೆಸರಿದ್ದರೆ ಮೊದಲು ವಾರಸಾ.

ಅಣ್ಣತಮ್ಮಂದಿರು ವಾಟ್ನಿ ಮಾಡಿಕೊಂಡ ಮನೆಗಳಲ್ಲಿ ನಡುಗೋಡೆ ಯಾರದು ಎಂಬುದೇ ದೊಡ್ಡ ಜಗಳ. ಬಾಯಿಮಾತಿನ ವಾಟ್ನಿಯನ್ನು ಬ್ಯಾಂಕು ಒಪ್ಪುವುದಿಲ್ಲ. ಅಕ್ಕತಂಗಿಯರ ಮಾತೂ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ನೀಡಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಇಡೀ ದೇಶಕ್ಕೆ ಬಂತು. ಹಿರಿಯರ ಮನೆಯನ್ನು ಕೆಡವಿ ಕಟ್ಟುವ ಮುನ್ನ ಮದುವೆಯಾಗಿ ಹೋದ ಅಕ್ಕನನ್ನು ಕೂರಿಸಿಕೊಂಡು ಮಾತಾಡುವುದು ಕಾನೂನಿಗೂ ಒಳ್ಳೆಯದು, ಕರುಳಿಗೂ ಒಳ್ಳೆಯದು.

ಪರವಾನಗಿ ಇಲ್ಲದೆ ಕಟ್ಟಿದರೆ ಏನಾದೀತು ಎಂದು ಕೇಳುವವರಿದ್ದಾರೆ. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರವಿಲ್ಲದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿತು. ಚಿಕ್ಕ ಮನೆಗಳಿಗೆ ವಿನಾಯಿತಿ ಕೊಡುವ ಹೆಜ್ಜೆಯನ್ನು ರಾಜ್ಯ ಸರ್ಕಾರ 2025ರಲ್ಲಿ ಇಟ್ಟಿತು. ತಮಗೆ ಅದು ಸಲ್ಲುತ್ತದೆಯೇ ಎಂದು ಪುರಸಭೆಯಲ್ಲೂ ಹೆಸ್ಕಾಂ ಕಚೇರಿಯಲ್ಲೂ ಕೇಳಿಯೇ ಮುಂದುವರಿಯಬೇಕು.

ರೊಕ್ಕ ಎಲ್ಲಿಂದ?

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಬಯಲು ಸೀಮೆಯ ಮನೆಗೆ ನಿಗದಿಯಾದ ನೆರವು 1.20 ಲಕ್ಷ ರೂ., ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಅಂದರೆ 269 ಚದರ ಅಡಿ. ಭಾಗಿಸಿದರೆ ಚದರ ಅಡಿಗೆ ಸುಮಾರು 446 ರೂ. ಕಟ್ಟುವ ಖರ್ಚು ಚದರ ಅಡಿಗೆ 2,000 ರೂ. ಎಂದು ಲೆಕ್ಕಕ್ಕೆ ಹಿಡಿದರೆ ಆ ಪುಟ್ಟ ಮನೆಗೇ 5.38 ಲಕ್ಷ ಬೇಕು. ಉಳಿದ 4.18 ಲಕ್ಷ? ಅದು ಸಂಘದ ಸಾಲ, ಒಡವೆಯ ಒತ್ತೆ, ಇಲ್ಲವೇ ಮಕ್ಕಳ ಕಾಲೇಜಿಗೆಂದು ಇಟ್ಟ ಗಂಟು.

ಸಣ್ಣ ಉಳಿತಾಯಗಳೂ ಇವೆ. ಸಿಮೆಂಟಿನ ಮೇಲಿದ್ದ 28% ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18%ಕ್ಕೆ ಇಳಿಯಿತು. ತೆರಿಗೆಗೆ ಮುಂಚಿನ ಬೆಲೆ 300 ರೂ. ಇರುವ ಚೀಲಕ್ಕೆ 30 ರೂ. ಉಳಿತಾಯ. 600 ಚದರ ಅಡಿಯ ಮನೆಗೆ 240 ಚೀಲ ಹಿಡಿದರೆ 7,200 ರೂ. ಅಷ್ಟರಲ್ಲಿ ಮನೆಯ ಸುತ್ತಲಿನ ಫರ್ಸಿ ಕಟ್ಟೆಯ ಒಂದು ಪಾಲಾದರೂ ಆದೀತು. ಹಾಗೆ ಮಾಡಿದರೆ ಆ ರೊಕ್ಕ ಸರಿಯಾದ ಜಾಗಕ್ಕೆ ಹೋದಂತೆ. ಅದನ್ನೇ ಮುಂಬಾಗಿಲ ಅಲಂಕಾರಕ್ಕೆ ಸುರಿದರೆ ಎರಡು ಮಳೆಗಾಲದಲ್ಲಿ ಬಿರುಕು ಅಣಕಿಸುತ್ತದೆ.

ಇಂದು ಈ ಊರುಗಳಲ್ಲಿ ಮನೆ ಬೆಳೆಸುವ ಆಸೆಯ ಹಿಂದೆ ಬಹಳ ಸಲ ಇರುವುದು ಒಂದೇ ಕಾರಣ: ಮಕ್ಕಳಿಗೆ ಕೂತು ಓದಲು ಒಂದು ಕೋಣೆ. ಆ ಕೋಣೆಗೆಂದು ಮಕ್ಕಳ ಓದಿನ ರೊಕ್ಕವನ್ನೇ ಕರಗಿಸುವಂತಾದರೆ ಅದಕ್ಕಿಂತ ವಿಪರ್ಯಾಸವಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಓದುವ ಮಗ ಅಥವಾ ಮಗಳು ಮನೆಯಲ್ಲಿದ್ದರೆ ತಂದೆತಾಯಿ ಅವರನ್ನು ಈ ಲೆಕ್ಕಕ್ಕೆ ಕೂರಿಸಬೇಕು. ಘನಫಲ ತೆಗೆಯಲು ಬಲ್ಲವರು ಪಾಯದ ಬ್ರಾಸ್ ಎಣಿಸಬಲ್ಲರು. ಓದು ಬಲ್ಲವರು ಉತಾರದ ಚಕಬಂದಿ ಗಟ್ಟಿಯಾಗಿ ಓದಿ ಹೇಳಬಲ್ಲರು. ಹೊಸ ಕೋಣೆಗೆ ಬೇಕಾದ ಮೊದಲ ಕಲ್ಲು ಅದೇ. ಉಳಿದ ಕಲ್ಲುಗಳನ್ನು ಬೇಸಿಗೆಯಲ್ಲಿ, ನೆಲ ಒಣಗಿ ಗರಸು ಕಾಣುವಾಗ ಇಡಬಹುದು. ಒಂದೇ ವರ್ಷದಲ್ಲಿ ಎಲ್ಲ ಆಗಬೇಕಿಲ್ಲ. ಈ ವರ್ಷ ಪಾಯ, ಬರುವ ವರ್ಷ ಗೋಡೆ. ಎರೆ ನೆಲದಲ್ಲಿ ಒಂದು ಮಳೆಗಾಲ ಕಂಡ ಪಾಯ ತನ್ನ ಗಟ್ಟಿತನವನ್ನೋ ದೋಷವನ್ನೋ ತಾನೇ ಹೇಳುತ್ತದೆ.